ಪೇಟಿಯಲ್ಲಿ ಸಿಗದ ಸ್ವರ

ಹೋದ ತಿಂಗಳು ದವಡೆಯ ಹಲ್ಲು ನೋಯತೊಡಗಿ ಮುದ್ದೇಬಿಹಾಳದ ಹಲ್ಲಿನ ಡಾಕ್ಟರರ ಹತ್ತಿರ ಹೋದೆ. ಡಾಕ್ಟರು ನನ್ನ ಮೊಮ್ಮಗಳ ವಯಸ್ಸಿನ ಹೆಣ್ಣುಮಗಳು. ಕುಳಿಯನ್ನು ಸ್ವಚ್ಛ ಮಾಡಿ, ಲವಂಗದ ಎಣ್ಣೆಯಲ್ಲಿ ಅದ್ದಿದ ಅರಳೆಯ ಚೂರನ್ನು ಅದರೊಳಗಿಟ್ಟು, ಸ್ವಲ್ಪ ಹೊತ್ತು ಬಾಯಿ ತೆರೆದೇ ಇರಬೇಕೆಂದಳು. ವಾಸನೆ ಮೂಗಿಗೆ ಏರಿದ್ದೇ ನನ್ನ ಕಣ್ಣಲ್ಲಿ ನೀರು ಬಂತು.

"ಉರಿಯಾಕತ್ತೇತೇನ್ರಿ, ಅಜ್ಜಾರ?" ಎಂದಳು.

ಇಲ್ಲವೆಂದು ಕೈಯಾಡಿಸಿದೆ. ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ ನಾನು ಬದುಕಿದ ಒಂದು ಊರಿಗೆ ಇದೇ ವಾಸನೆ ಇತ್ತು. ಬೀದಿಗೆ, ಗೋಡೆಗೆ, ಜನರ ಅಂಗಿಗೆ, ಕುಡಿಯುವ ನೀರಿಗೆ ಕೂಡ. ಅದು ಝಾಂಝಿಬಾರ, ಆಫ್ರಿಕಾದ ಹತ್ತಿರದ ಲವಂಗದ ದ್ವೀಪ. ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು. ಅಲ್ಲಿ ನಾನಿದ್ದದ್ದು ಒಂದು ವರ್ಷ, ಅದರ ಮೇಲೆ ಒಂದೆರಡು ತಿಂಗಳು. ಆ ವರ್ಷದಲ್ಲಿ ಏನು ಕಲಿತೆ, ಏನು ಕಳೆದುಕೊಂಡೆ ಎಂಬುದು ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ನನ್ನ ಊರು ಬಾಗೇವಾಡಿ ತಾಲೂಕಿನ ಮಸೂತಿ. ನಾವು ನದಾಫರು, ಹತ್ತಿ ಹಿಂಜಿ ಗಾದಿ ಹೊಲಿಯುವವರು. ಅಪ್ಪ ಹುಸೇನಸಾಬ ಇಡೀ ದಿನ ಹಿಂಜುವ ಬಿಲ್ಲಿನ ಮುಂದೆ ಕೂತಿರುತ್ತಿದ್ದ. ಕಟ್ಟಿಗೆಯ ಕೊಡತಿಯಿಂದ ಬಿಲ್ಲಿನ ನರದ ತಂತಿಗೆ ಹೊಡೆದಾಗ ಏಳುವ ಝುಂಯ್ ಎಂಬ ದನಿಯೇ ನಾನು ಹುಟ್ಟಿದಾಗಿನಿಂದ ಕೇಳಿದ ಮೊದಲ ವಾದ್ಯ. ಆದರೆ ಸುತ್ತಿನ ಹಳ್ಳಿಗಳಲ್ಲಿ ಅಪ್ಪನ ಹೆಸರಿದ್ದದ್ದು ಗಾದಿಯಿಂದಲ್ಲ, ರಿವಾಯತ ಪದಗಳಿಂದ. ಮೊಹರಮ್ಮಿನಲ್ಲಿ ಕರ್ಬಲಾದ ಕಥೆಯನ್ನು ನಮ್ಮ ಕಡೆ ಕನ್ನಡದಲ್ಲೇ ಹಾಡುತ್ತಾರೆ. ಅಪ್ಪ ಮುಂದೆ ಹಾಡಿದರೆ ಹಿಂದಿನಿಂದ ಎತ್ತಿಕೊಳ್ಳುವವನು ಈರಪ್ಪ ಕಾಕಾ, ನಮ್ಮೂರ ಕುರುಬರವನು. ನಾನು ಹುಟ್ಟುವ ಮೊದಲಿನಿಂದಲೂ ಇಬ್ಬರೂ ಕೂಡಿಯೇ ಹಾಡುತ್ತಿದ್ದರು.

ನಾನು ಮಾತ್ರ ಬಿಲ್ಲು ಹಿಡಿಯಲಿಲ್ಲ. ಹದಿನಾರಕ್ಕೆ ಒಂದು ನಾಟಕ ಕಂಪನಿ ಸೇರಿದೆ, ಹಾರ್ಮೋನಿಯಂ ಕಲಿತೆ; ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ. ನನಗೆ ಇಪ್ಪತ್ತೈದಾದ ವರ್ಷ ಕಂಪನಿಯ ಮೊಕ್ಕಾಮು ಸಿಂದಗಿಯಲ್ಲಿತ್ತು. ಮೊಹರಮ್ಮಿಗೆ ರಜೆ ಪಡೆದು, ಬಸ್ಸಿನ ಮೇಲೆ ಪೇಟಿ ಹಾಕಿಸಿಕೊಂಡು ಊರಿಗೆ ಬಂದೆ. ಈ ಸಲ ಅಪ್ಪನ ಹಾಡಿಗೆ ನಾನು ಸಾಥ್ ಕೊಡುವುದೆಂದು ಮನಸ್ಸಿನಲ್ಲಿ ದೊಡ್ಡ ಹೆಮ್ಮೆ.

ಮಧ್ಯಾಹ್ನ ಹಿಂಜುವ ಛಪ್ಪರದಲ್ಲಿ ತಾಲೀಮು ನಡೆದಿತ್ತು. ಹತ್ತು ಹನ್ನೆರಡು ಜನ ಕೂತಿದ್ದರು. ಅಪ್ಪ ಹಾಡತೊಡಗಿದ. ಮಗ ರಣಕ್ಕೆ ಹೊರಡುವಾಗ ತಾಯಿ ಅವನನ್ನು ತಡೆಯುವ ಜಾಗಕ್ಕೆ ಬಂದಾಗ ಅವನ ಒಂದು ಸ್ವರ ನನ್ನ ಪೇಟಿಗೆ ಕೂಡಲಿಲ್ಲ. ಬಿಳಿ ಪಟ್ಟಿ ಒತ್ತಿದರೆ ಅಪ್ಪನ ದನಿ ಕೆಳಗೆ, ಪಕ್ಕದ ಕರಿ ಪಟ್ಟಿ ಒತ್ತಿದರೆ ಮೇಲೆ. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ನಾನು ಕೈ ಎತ್ತಿ ಹಾಡು ನಿಲ್ಲಿಸಿದೆ.

"ಅಪ್ಪಾ, ಇಲ್ಲಿ ಸುರ ಬಿಡಾಕತ್ತಿ. ಇದನ್ನ ಕೇಳು" ಎಂದು ಬಿಳಿ ಪಟ್ಟಿಯನ್ನು ನಾಲ್ಕು ಸಲ ಒತ್ತಿ ತೋರಿಸಿದೆ, ಕಂಪನಿಯಲ್ಲಿ ಹೊಸ ನಟರಿಗೆ ತೋರಿಸುವ ಹಾಗೆ.

ಈರಪ್ಪ ಕಾಕಾ ನನ್ನ ಕಡೆ ನೋಡಿ, "ಪೇಟಿ ಮುಚ್ಚು" ಎಂದ.

ಅಪ್ಪ ಅವನ ತೊಡೆಯ ಮೇಲೆ ಕೈಯಿಟ್ಟ. "ಇರಲಿ ಬಿಡೋ ಈರಾ. ಕಲ್ತಾಂವ ಹೇಳಾಕತ್ತಾನ. ತಪ್ಪಿದ್ರ ತಪ್ಪ." ಆಮೇಲೆ ಆ ಜಾಗ ಬಂದಾಗಲೆಲ್ಲ ಅಪ್ಪ ದನಿ ತಗ್ಗಿಸಿ ದಾಟಿಸಿಬಿಟ್ಟ. ನಾನು ಗೆದ್ದೆನೆಂದುಕೊಂಡೆ.

ಕೆಲವೇ ತಿಂಗಳಲ್ಲಿ ಕಂಪನಿ ಒಡೆಯಿತು. ಸೊಲ್ಲಾಪುರಕ್ಕೆ ಹೋದೆ, ಅಲ್ಲಿಂದ ಮುಂಬೈಗೆ. ಅಲ್ಲಿ ಸಿನಿಮಾ ಹಾಡು, ಗಜಲು ಹಾಡುವ ಒಂದು ಪಾರ್ಟಿಗೆ ಪೇಟಿಯವನು ಬೇಕಾಗಿದ್ದ. ಆಫ್ರಿಕಾದ ಊರುಗಳಲ್ಲಿರುವ ನಮ್ಮ ದೇಶದ ವ್ಯಾಪಾರಿಗಳ ಮುಂದೆ ಹಾಡಲು ಅವರಿಗೆ ಕರೆ ಬಂದಿತ್ತು. ನಾನು ಹೂಂ ಎಂದೆ. ಆಫ್ರಿಕಾ ಎಂದರೆ ಎತ್ತ ಎಂದು ಆಗ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯ ಇಂಡಿಗಿಂತ ಸೊಲ್ಲಾಪುರ ದೂರ, ಸೊಲ್ಲಾಪುರಕ್ಕಿಂತ ಮುಂಬೈ ದೂರ, ಅದಕ್ಕಿಂತ ಸ್ವಲ್ಪ ಆಚೆ ಎಂದು ತಿಳಿದಿದ್ದೆ.

ಹಡಗಿನ ಡೆಕ್ಕಿನ ಮೇಲೆ ಎಷ್ಟು ದಿನ ವಾಂತಿ ಮಾಡಿಕೊಂಡೆನೋ ಲೆಕ್ಕವಿಲ್ಲ. ಮೊಂಬಾಸಾದಲ್ಲಿ ಹಾಡಿದೆವು, ದಾರ್ ಎಸ್ ಸಲಾಮಿನಲ್ಲಿ ಹಾಡಿದೆವು. ಜನ ಚಪ್ಪಾಳೆ ತಟ್ಟಿದರು. ಕೊನೆಗೆ ಝಾಂಝಿಬಾರಕ್ಕೆ ಬಂದಾಗ ನನಗೆ ಚಳಿಜ್ವರ ಹಿಡಿಯಿತು. ಪಾರ್ಟಿಯವರು ಎಂಟು ದಿನ ಕಾದರು, ಆಮೇಲೆ ನನ್ನನ್ನೂ ನನ್ನ ಪೇಟಿಯನ್ನೂ ಗುಜರಾತದ ಕಡೆಯ ಒಬ್ಬ ಕಚ್ಛೀ ಅಂಗಡಿಯವನ ಮನೆಯಲ್ಲಿ ಬಿಟ್ಟು, ಗುಣವಾದ ಮೇಲೆ ಬಾ ಎಂದು ಹೇಳಿ ಹಡಗು ಹತ್ತಿದರು. ಅಂಗಡಿಯವನು ಒಳ್ಳೆಯವನು. ಮಹಡಿಯ ಮೇಲೆ ಲವಂಗದ ಚೀಲಗಳ ನಡುವೆ ನನಗೊಂದು ಹಾಸಿಗೆ ಹಾಕಿಸಿದ. ಬದಲಿಗೆ ಅವನ ಇಬ್ಬರು ಹೆಣ್ಣುಮಕ್ಕಳಿಗೆ ನಾನು ಪೇಟಿ ಕಲಿಸಬೇಕು.

ಜ್ವರ ಇಳಿದ ಮೇಲೂ ನನ್ನ ತಲೆ ನೆಟ್ಟಗಾಗಲಿಲ್ಲ. ಆ ಊರಿನ ಓಣಿಗಳು ಹೊರಟಲ್ಲಿಗೇ ಬಂದು ಮುಟ್ಟುತ್ತಿದ್ದವು. ಬೆಳಿಗ್ಗೆ ಕಂಡ ಸಮುದ್ರ ಮಧ್ಯಾಹ್ನಕ್ಕೆ ಅರ್ಧ ಮೈಲು ಹಿಂದೆ ಸರಿದು, ದೋಣಿಗಳೆಲ್ಲ ಕೆಸರಲ್ಲಿ ಮಗ್ಗುಲಾಗಿ ಬಿದ್ದಿರುತ್ತಿದ್ದವು. ಮಸೂತಿಯಲ್ಲಿ ಬಿಸಿಲಿಗೆ ಕಲ್ಲು ಸಿಡಿಯುವ ತಿಂಗಳಲ್ಲಿ ಇಲ್ಲಿ ಜಡಿಮಳೆ. ಆ ಮಳೆಯ ತೇವಕ್ಕೆ ನನ್ನ ಪೇಟಿಯ ಕಟ್ಟಿಗೆ ಉಬ್ಬಿ ಪಟ್ಟಿಗಳು ಒಂದೊಂದಾಗಿ ಹಿಡಿದುಕೊಂಡವು. ಒತ್ತಿದರೆ ಮೇಲೇಳುತ್ತಿರಲಿಲ್ಲ.

ಅಂಗಡಿಯವನೇ ನನಗೆ ಸುಲೇಮಾನನ ಪರಿಚಯ ಮಾಡಿಸಿದ. ಸುಲೇಮಾನ ದರ್ಜಿ, ಅರವತ್ತು ದಾಟಿದವನು. ಕಚ್ಛೀ ಅಂಗಡಿಗಳಿಗೆ ಹೊಲಿದು ಹೊಲಿದು ಒಂದಿಷ್ಟು ಹಿಂದೂಸ್ತಾನಿ ಮಾತು ಕಲಿತಿದ್ದ. ಸಂಜೆ ಪಿಟೀಲು ಬಾರಿಸುತ್ತಿದ್ದ. ಅವನ ಮನೆಯ ಮೇಲೆ ಎಂಟೊಂಬತ್ತು ಜನ ಕೂಡಿ ಮದುವೆಗಳಲ್ಲಿ ನುಡಿಸುವ ಹಾಡುಗಳ ತಾಲೀಮು ಮಾಡುತ್ತಿದ್ದರು. ಆ ಸಂಗೀತಕ್ಕೆ ತಾರಬ್ ಎನ್ನುತ್ತಿದ್ದರು. "ನಾಳೆ ಹತ್ತು ಗಂಟೆಗೆ ಬಾ" ಎಂದ. ಮರುದಿನ ಬೆಳಿಗ್ಗೆ ಹತ್ತಕ್ಕೆ ಹೋದರೆ ಬಾಗಿಲು ಹಾಕಿತ್ತು. ಅದರ ಮರುದಿನವೂ ಹಾಕಿತ್ತು. ಕರೆದು ಅವಮಾನ ಮಾಡಿದನೆಂದು ಸಿಟ್ಟಾದೆ. ಅಂಗಡಿಯವನು ನಕ್ಕು ಹೇಳಿದ: ಅಲ್ಲಿಯ ಜನ ಹೊತ್ತು ಹುಟ್ಟಿದಾಗಿನಿಂದ ತಾಸು ಎಣಿಸುತ್ತಾರಂತೆ, ಅವರ ಹತ್ತು ಎಂದರೆ ನಮ್ಮ ಸಂಜೆ ನಾಲ್ಕು.

ನಾಲ್ಕಕ್ಕೆ ಹೋದೆ. ಅವರು ನುಡಿಸಿದ್ದನ್ನು ಕೇಳಿ ನನಗೆ ನಗು ಬಂತು. ಎಲ್ಲರೂ ಕೂಡಿ ಒಂದೇ ಸ್ವರದಲ್ಲಿ ತಪ್ಪುತ್ತಿದ್ದರು. ಗಾಂಧಾರ, ಅಂದರೆ ‘ಗ’ ಸ್ವರ, ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ಎರಡರ ನಡುವೆ. ಹಾಡು ಮುಗಿದ ಮೇಲೆ ಸುಲೇಮಾನನಿಗೆ ಹೇಳಿದೆ.

ಅವನು ಸಿಟ್ಟಾಗಲಿಲ್ಲ. ಪಿಟೀಲಿನ ತಂತಿಯ ಮೇಲೆ ಬೆರಳಿಟ್ಟು ಒಂದು ಸ್ವರ ತೆಗೆದ, ಬೆರಳನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು ತೆಗೆದ, ಮತ್ತೆ ಸರಿಸಿ ಮೂರನೆಯದು. "ಇದು ನಿನ್ನ ಪೇಟಿಯಲ್ಲಿದೆ. ಇದೂ ಇದೆ. ನಡುವಿನದು ಇಲ್ಲ. ನಿನ್ನ ಪೇಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲವೇನು?" ಎಂದು ಕೇಳಿದ.

ಮರುದಿನವೂ ಹೋದೆ. ಅವನ ಬಳಿ ಹಳೆಯದೊಂದು ಪಿಟೀಲಿತ್ತು, ಅದನ್ನು ನನ್ನ ಕೈಗೆ ಕೊಟ್ಟ. ಮೂರು ತಿಂಗಳು ಬರೀ ಆ ಒಂದು ಸ್ವರ ಹುಡುಕಿದೆ. ಒಂದು ದಿನ ಸಿಕ್ಕರೆ ಮರುದಿನ ಜಾರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ನನ್ನ ಕಿವಿಯೇ ಕೆಟ್ಟಿತು. ಮೊದಲು ಯಾವ ಸ್ವರ ಕೇಳಿದರೂ ಸರಿಯೋ ತಪ್ಪೋ ಎಂದು ತಟ್ಟನೆ ಹೇಳುತ್ತಿದ್ದವನು ಈಗ ಹೇಳಲಾರದೆ ಹೋದೆ. ಅಂಗಡಿಯವನ ದೊಡ್ಡ ಮಗಳು ಒಂದು ಸಾಲು ಹಾಡಿ "ಮಾಸ್ತರ್, ಇದು ಸರಿಯೇ?" ಎಂದು ಕೇಳಿದರೆ ಸುಮ್ಮನೆ ಕೂತುಬಿಡುತ್ತಿದ್ದೆ. ಅವಳು ತನ್ನ ಅಪ್ಪನಿಗೆ ಹೇಳಿದಳು: ಮಾಸ್ತರರಿಗೆ ಇನ್ನೂ ಜ್ವರ ಬಿಟ್ಟಿಲ್ಲ.

ಎಷ್ಟೋ ಸಲ ಊರಿಗೆ ಹೋಗಿಬಿಡಬೇಕು ಅನ್ನಿಸಿತು. ಆದರೆ ಏನಾಗಿ ಹೋಗುವುದು? ಪೇಟಿಯವನಾಗಿ ಉಳಿದಿರಲಿಲ್ಲ, ಪಿಟೀಲಿನವನಾಗಿರಲಿಲ್ಲ.

ಲವಂಗದ ಸುಗ್ಗಿ ಬಂತು. ರಸ್ತೆಯುದ್ದಕ್ಕೂ ಚಾಪೆ ಹಾಸಿ ಮೊಗ್ಗು ಒಣಗಿಸುತ್ತಿದ್ದರು. ಆಗ ಪೆಂಬಾ ಎಂಬ ಪಕ್ಕದ ದ್ವೀಪದಲ್ಲಿ ಒಂದು ಮದುವೆಗೆ ಸುಲೇಮಾನನ ಮೇಳಕ್ಕೆ ಕರೆ ಬಂತು. ಹಿಂದಿನ ಸಾಲಿನಲ್ಲಿ ಕೂತು ನಾನೂ ನುಡಿಸಿದೆ. ತಪ್ಪಿದೆನೋ ಇಲ್ಲವೋ ನನಗೇ ಗೊತ್ತಾಗಲಿಲ್ಲ, ಯಾರೂ ಏನೂ ಅನ್ನಲಿಲ್ಲ. ಮರಳಿ ಬರುವಾಗ ಗಾಳಿ ಅಡಗಿ ಹಾಯಿದೋಣಿ ನಡುನೀರಿನಲ್ಲಿ ನಿಂತುಬಿಟ್ಟಿತು. ಮಧ್ಯಾಹ್ನದ ಬಿಸಿಲು. ಹೊಟ್ಟೆ ತೊಳಸುವುದನ್ನು ಮರೆಯಲೆಂದು ಪಿಟೀಲು ತೆಗೆದು ಕೈಗೆ ಬಂದದ್ದನ್ನು ನುಡಿಸುತ್ತಿದ್ದೆ. ನುಡಿಸುತ್ತ ಗೊತ್ತಿಲ್ಲದೆಯೇ ಅಪ್ಪನ ಪದಕ್ಕೆ ಹೋಗಿದ್ದೆ. ತಾಯಿ ಮಗನನ್ನು ತಡೆಯುವ ಜಾಗ ಬಂತು. ನನ್ನ ಬೆರಳು ತಾನಾಗಿ ಹೋಗಿ ಆ ನಡುವಿನ ಜಾಗದಲ್ಲಿ ಕೂತಿತು.

ಮಲಗಿದ್ದ ಸುಲೇಮಾನ ಎದ್ದು ಕೂತ. "ಇದನ್ನು ನಾನು ಕಲಿಸಿಲ್ಲ. ಯಾರು ಕಲಿಸಿದರು?" ಎಂದ.

"ನಮ್ಮಪ್ಪ" ಎಂದೆ. ಹಾಗೆಂದದ್ದೇ ಮಸೂತಿಯ ಛಪ್ಪರ, ಹನ್ನೆರಡು ಜನ, ನಾಲ್ಕು ಸಲ ಒತ್ತಿದ ಬಿಳಿ ಪಟ್ಟಿ ಕಣ್ಣಿಗೆ ಕಟ್ಟಿ, ದೋಣಿಯ ಅಂಚಿಗೆ ತಲೆಯಿಟ್ಟು ಅತ್ತೆ. ಸಮುದ್ರದ ತ್ರಾಸೆಂದು ತಿಳಿದು ಯಾರೋ ನನಗೆ ನಿಂಬೆಹಣ್ಣು ಕೊಟ್ಟರು.

ಅಪ್ಪನಿಗೆ ಪತ್ರ ಬರೆಯಲು ಕೂತೆ. ಅಪ್ಪನಿಗೆ ಓದಲು ಬರದು, ಸಾಲಿ ಮಾಸ್ತರರು ಓದಿ ಹೇಳಬೇಕು. ಒಂದು ಸ್ವರವನ್ನು ಕಾಗದದ ಮೇಲೆ ಹೇಗೆ ಬರೆಯುವುದು? "ನೀ ಹಾಡೂದು ಸರಿ ಇತ್ತು" ಎಂದು ಬರೆದೆ. ಊರ ಜನರ ನಡುವೆ ಅಂದ ಮಾತಿಗೆ ಮಾಸ್ತರರ ಬಾಯಿಂದ ಕ್ಷಮೆ ಕೇಳಿಸುವುದು ಸಣ್ಣತನ ಅನ್ನಿಸಿತು. ಹರಿದು ಹಾಕಿದೆ. ಕ್ಷೇಮವಾಗಿದ್ದೇನೆ, ಬರುತ್ತೇನೆ ಎಂದಷ್ಟೇ ಬರೆದು ಟಪಾಲಿಗೆ ಹಾಕಿದೆ.

ಹಡಗು ಗೊತ್ತಾದ ದಿನ ಸುಲೇಮಾನ ಹಳೆಯ ಪಿಟೀಲನ್ನು ತನ್ನ ಹೆಂಡತಿಯ ಹೂವಿನ ಬಟ್ಟೆಯೊಂದರಲ್ಲಿ ಸುತ್ತಿ ಕೊಟ್ಟ. "ನಿಮ್ಮಪ್ಪನ ಹತ್ತಿರ ಮೊದಲಿನಿಂದ ಕಲಿ. ನನ್ನ ಹತ್ತಿರ ನೀನು ಕಲಿತದ್ದು ಬಾಗಿಲವರೆಗೆ ಬರುವುದನ್ನು ಅಷ್ಟೆ" ಎಂದ.

ಮುಂಬೈ, ಸೊಲ್ಲಾಪುರ, ಹೋಟಗಿಯಲ್ಲಿ ಮೀಟರ್ ಗೇಜಿನ ಸಣ್ಣ ರೈಲುಗಾಡಿ. ಇಂಡಿ ರೋಡು ಸ್ಟೇಶನ್ನು ದಾಟುವಾಗ ಜೋಳದ ಹೊಲ ಕಂಡು ಎದೆ ತುಂಬಿತು. ಬಾಗೇವಾಡಿ ರೋಡಿನಲ್ಲಿ ಇಳಿದು, ಒಂದು ಎತ್ತಿನ ಚಕ್ಕಡಿ ಹಿಡಿದು ಮಸೂತಿ ಸೇರಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಅವ್ವ ನನ್ನ ಗಲ್ಲ ಹಿಡಿದು, "ಎಷ್ಟ ಕರ್ರಗಾಗಿ ಬಂದೀಯೋ" ಎಂದಳು. ಅಪ್ಪ ಛಪ್ಪರದಲ್ಲೇ ಇದ್ದ, ಗಡ್ಡಕ್ಕೆಲ್ಲ ಅರಳೆ ಹತ್ತಿತ್ತು. ನಾನು ಕಾಲು ಮುಟ್ಟಿದೆ. ಬಾಯಲ್ಲಿ ಮಾತು ಜೋಡಿಸಿಕೊಂಡೇ ಬಂದಿದ್ದೆ. ಅಪ್ಪ ಬಿಡಲಿಲ್ಲ.

"ರೊಟ್ಟಿ ತಿನ್ನೂದು ಆಮ್ಯಾಲ. ಮೊದಲ ಇಲ್ಲಿ ಕೂಡು. ನಿನಗೊಂದು ಕೇಳಸೂದೈತಿ."

ಕೊಡತಿ ಬದಿಗಿಟ್ಟು, ಗಂಟಲು ಸರಿ ಮಾಡಿಕೊಂಡು ಅದೇ ಪದ ಹಾಡಿದ. ಆ ಜಾಗಕ್ಕೆ ಬಂದ. ಸ್ವರ ಬಿಳಿ ಪಟ್ಟಿಯ ಮೇಲೆ ನೇರವಾಗಿ, ಗೆರೆ ಎಳೆದ ಹಾಗೆ ಕೂತಿತು.

"ಹೆಂಗೈತಿ? ಈಗ ಪೇಟಿಗೆ ಕೂಡತೈತಿಲ್ಲ?" ಅಪ್ಪನ ಮುಖದಲ್ಲಿ ಸಣ್ಣ ಮಕ್ಕಳ ಹಿಗ್ಗು. "ಸಂತಿಗಿ ಹೋದಾಗೆಲ್ಲ ಬಾಗೇವಾಡಿ ಭಜನಿ ಮಾಸ್ತರ ಮನ್ಯಾಗ ಕುಂದರತಿದ್ದೆ. ಅವ್ರು ಪೇಟಿ ಬಾರಸತಿದ್ರು, ನಾ ಹಾಡತಿದ್ದೆ. ವರ್ಷ ಹಿಡೀತು. ನಿನ್ನ ಮುಂದ ಮತ್ತ ತಪ್ಪಬಾರದಂತ."

"ಚೊಲೊ ಐತಿ ಅಪ್ಪಾ" ಎಂದೆ. ಇನ್ನೇನು ಹೇಳಲಿ?

ಸಂಜೆ ಈರಪ್ಪ ಕಾಕಾನನ್ನು ಹುಡುಕಿಕೊಂಡು ಹೋದೆ. ಕುರಿಗಳ ನಡುವೆ ಕಂಬಳಿ ಹಾಸಿ ಕೂತಿದ್ದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅಪ್ಪನ ಹಾಡಿನ ಮಾತು ತೆಗೆದಾಗ, "ನಾ ಹಾಡೂದು ಬಿಟ್ಟೇನಿ" ಎಂದ.

"ಯಾಕ ಕಾಕಾ?"

"ನಿಮ್ಮಪ್ಪ ಈಗ ಪೇಟಿ ಹಾಡಿದಂಗ ಹಾಡತಾನ. ನಾ ಅದರ ಬೆನ್ನ ಹತ್ತಿ ಹ್ಯಾಂಗ ಹೋಗಲಿ? ಹೋದ ಮೊಹರಮಿಗೆ ನಾ ಮನ್ಯಾಗ ಇದ್ದೆ. ಮೂವತ್ತ ವರ್ಷದಾಗ ಅದ ಮೊದಲ ಸಲ."

ನನ್ನ ಒಂದು ಮಾತು ಎಲ್ಲಿಯವರೆಗೆ ಹೋಗಿತ್ತೆಂದು ಆಗ ತಿಳಿಯಿತು. ಪಿಟೀಲು ಬಿಚ್ಚಿ ಆ ಸ್ವರ ನುಡಿಸಿ ತೋರಿಸಿದೆ. "ಅಪ್ಪ ಮೊದಲ ಹಿಂಗ ಹಾಡತಿದ್ದ, ಹೌದಿಲ್ಲ ಕಾಕಾ?"

ಅವನು ಬಹಳ ಹೊತ್ತು ಕೇಳಿದ. "ಇದೂ ಅಲ್ಲ" ಎಂದ. ತಾನೇ ಗುನುಗಿದ. ಅದು ನನ್ನ ಬೆರಳಿಗಿಂತ ಸ್ವಲ್ಪ ಮೇಲಿತ್ತು. ಮತ್ತೊಮ್ಮೆ ಗುನುಗಿದಾಗ ಸ್ವಲ್ಪ ಕೆಳಗಿತ್ತು. ಕೊನೆಗೆ ಅವನೇ ಸೋತು ಹೇಳಿದ, "ನನಗ ಒಬ್ಬಂವಗ ಬರೂದಿಲ್ಲೋ ತಮ್ಮಾ. ಅಂವ ಹಾಡತಿದ್ದ, ನಾ ಹೋಗತಿದ್ದೆ."

ನಾನು ಕತ್ತಲಲ್ಲಿ ದಾರಿ ತಪ್ಪಿದವನ ಹಾಗೆ ಕೂತೆ. ದೋಣಿಯಲ್ಲಿ ನನ್ನ ಬೆರಳಿಗೆ ಸಿಕ್ಕದ್ದು ಅಪ್ಪನ ಸ್ವರವೋ, ಸುಲೇಮಾನನದೋ? ಅಪ್ಪ ಆವತ್ತು ಹಾಡಿದ್ದು ನಿಜಕ್ಕೂ ಆ ಸ್ವರವೇ ಆಗಿತ್ತೋ, ಅಥವಾ ವಯಸ್ಸಾಗಿ ಗಂಟಲು ಸೋತಿತ್ತೋ? ಯಾರನ್ನು ಕೇಳುವುದು?

ನಾಲ್ಕು ದಿನ ಸುಮ್ಮನಿದ್ದೆ. ಅಪ್ಪ ದಿನಾ ಆ ಪದ ಹಾಡಿ ನನ್ನ ಮುಖ ನೋಡುತ್ತಿದ್ದ. ಐದನೆಯ ದಿನ ಮುಂಜಾನೆ ಈರಪ್ಪ ಕಾಕಾನ ಕೈ ಹಿಡಿದು, ಬಲವಂತ ಮಾಡಿ ಛಪ್ಪರಕ್ಕೆ ಕರೆದುಕೊಂಡು ಬಂದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಅಪ್ಪನ ಮುಂದೆ ಕೂತು ಎಲ್ಲ ಹೇಳಿದೆ. ಸುಲೇಮಾನನ ಮನೆ, ನಡುವಿನ ಸ್ವರ, ದೋಣಿ. "ಆವತ್ತ ನಾ ಅಂದಿದ್ದ ತಪ್ಪಪ್ಪಾ. ತಪ್ಪ ನನ್ನ ಪೇಟ್ಯಾಗಿತ್ತು, ನಿನ್ನ ಗಂಟಲಾಗ ಇರಲಿಲ್ಲ."

ಅಪ್ಪ ಅರಳೆಯ ಎಳೆಯೊಂದನ್ನು ಬೆರಳಲ್ಲಿ ಹೊಸೆಯುತ್ತಿದ್ದ. ಅದನ್ನು ಬದಿಗಿಟ್ಟು ಹೇಳಿದ:

"ಒಂದ ವರ್ಷ ಪೂರಾ ಮಂದಿ ಮನಿ ಹೊಸ್ತಿಲಾಗ ಕುಂತ ಕಲತೇನಿ. ಸಣ್ಣ ಹುಡುಗೂರು ನಕ್ರು. ಈರಾ ಮಾತ ಬಿಟ್ಟ. ಈಗ ಬಂದು ಅದ ತಪ್ಪ ಅಂತೀ?"

ನಾನು ತಲೆ ತಗ್ಗಿಸಿದೆ. ಒಳಗೆ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದಳು.

"ಮೊದಲಿನಂಗ ಹಾಡಿ ನೋಡಪ್ಪಾ, ಒಮ್ಮೆ" ಎಂದೆ.

ಅಪ್ಪ ಕಣ್ಣು ಮುಚ್ಚಿ ಹಾಡಿದ. ಆ ಜಾಗದಲ್ಲಿ ಸ್ವರ ನೇರವಾಗಿಯೇ ಬಂತು. ತಲೆ ಅಲ್ಲಾಡಿಸಿ ಮತ್ತೊಮ್ಮೆ ಹಾಡಿದ. ಈ ಸಲ ಜಾರಿತು, ಆದರೆ ಎಲ್ಲಿಗೆ ಜಾರಿತೆಂದು ಅವನಿಗೂ ತಿಳಿಯಲಿಲ್ಲ. "ದಾರಿ ಮರತೇತಿ" ಎಂದ. ಅಷ್ಟು ಮೆತ್ತಗೆ ಅಪ್ಪ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಆಗ ಈರಪ್ಪ ಕಾಕಾ ಹತ್ತಿರ ಸರಿದು ಕೂತ. ಎಂದಿನಂತೆ ಅಪ್ಪನ ಎಡಕ್ಕೆ, ಸ್ವಲ್ಪ ಹಿಂದೆ. "ಹಾಡು ಹುಸೇನಾ" ಎಂದ.

ಅಪ್ಪ ಹಾಡಿದ, ಕಾಕಾ ಹಿಂದಿನಿಂದ ಎತ್ತಿಕೊಂಡ. ನಾನು ಪಿಟೀಲು ಹಿಡಿದು ಇಬ್ಬರ ಬೆನ್ನು ಹತ್ತಿದೆ. ತಾಯಿ ಮಗನನ್ನು ತಡೆಯುವಲ್ಲಿ ಅಪ್ಪ ಒಂದು ಕಡೆ ಹೋದ, ಕಾಕಾ ಇನ್ನೊಂದು ಕಡೆ, ನನ್ನ ಬೆರಳು ಎರಡರ ನಡುವೆ ಎಲ್ಲೋ ನಿಂತಿತು. ಕೂಡಿತೆನ್ನಲೂ ಆಗದು, ಕೂಡಲಿಲ್ಲ ಎನ್ನಲೂ ಆಗದು. ಒಳಗಿನಿಂದ ಅವ್ವ ಬಾಗಿಲಿಗೆ ಬಂದು ನಿಂತಳು.

ಪದ ಮುಗಿದ ಮೇಲೆ ಅಪ್ಪ ನನ್ನ ಕಡೆ ತಿರುಗಿದ. "ಎರಡ ದೇಶದ್ದು ಕೇಳಿ ಬಂದೀದಿ. ಖರೇ ಹೇಳು. ಯಾವುದು ಸರಿ?"

"ನನಗ ತಿಳೀವಲ್ದಪ್ಪಾ" ಎಂದೆ.

ಅಪ್ಪ ಗಡ್ಡದ ಅರಳೆ ಒರೆಸಿಕೊಂಡು ಮೊಣಕಾಲು ಮಡಚಿ ಸರಿಯಾಗಿ ಕೂತ.

"ಹಂಗಾರ ಮತ್ತೊಮ್ಮಿ ಹಾಡೂಣು" ಎಂದ.